ಬಿಳಿ ಕನ್ನೆಯ ಸಾರು

ಕನ್ನೆ ಸೊಪ್ಪನ್ನು ಕುಂಡದಲ್ಲಿಟ್ಟು ನೀರು ಹಾಕಿ ಸಾಕುವ ಹೆಂಗಸು ತಿ. ನರಸೀಪುರದಲ್ಲಿ ನಾನೊಬ್ಬಳೇ ಇರಬೇಕು. ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ, ಬಾಡಿಗೆ ಮನೆ ಹಿಡಿದ ಹೊಸತರಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಅದನ್ನು ನೋಡಿ, "ಟೀಚರ್ರೇ, ನಿಮ್ ಕುಂಡದಲ್ಲಿ ಕಳೆ ಬೆಳ್ಕೊಂಡದೆ, ಕಿತ್ತಾಕ್ಲಾ?" ಎಂದು ಕೈ ಮುಂದೆ ಮಾಡಿಯೇ ಬಿಟ್ಟಿದ್ದರು. ನಾನು ಕಿರುಚಿದ ಸದ್ದಿಗೆ ಅವರು ಮಾತ್ರವಲ್ಲ, ಪಕ್ಕದ ಮನೆಯವರೂ ಹೊರಗೆ ಬಂದರು. ಕಳೆಗಾಗಿ ಹೀಗೆ ಕಿರುಚುವ ಟೀಚರು ಮಕ್ಕಳಿಗೆ ಏನು ಪಾಠ ಮಾಡಿಯಾಳು ಎಂದು ಅವರಿಗೆ ಅನ್ನಿಸಿದ್ದರೆ ತಪ್ಪಿಲ್ಲ. ಆಮೇಲೆ ಒಂದು ಬೆಳಿಗ್ಗೆ ಆಂಟಿಯನ್ನು ಮೇಲೆ ಕರೆದು ಹೂವು ತೋರಿಸಿದೆ. "ಅಯ್ಯೋ, ಇದು ಬೆಳ್ಳಗಿದೆಯಲ್ಲಾ!" ಎಂದರು. ಆ ಒಂದು ಮಾತನ್ನು ಒಬ್ಬರ ಬಾಯಿಂದ ಕೇಳಬೇಕೆಂದು ನಾನು ಒಂದು ಕಾಲದಲ್ಲಿ ಪಟ್ಟ ಪಾಡು ಅವರಿಗೇನು ಗೊತ್ತು.

ಕನ್ನೆ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ಒಂದು ಮಳೆ ಬಿದ್ದರೆ ಸಾಕು, ಬದುವಿನ ಮೇಲೆ, ನಾಲೆಯ ಅಂಚಿನಲ್ಲಿ, ರಾಗಿ ಸಾಲುಗಳ ನಡುವೆ ಹಬ್ಬಿಕೊಂಡುಬಿಡುತ್ತದೆ. ಕಿತ್ತು ಬದುವಿಗೆ ಎಸೆದರೆ ಅಲ್ಲೇ ಗೆಣ್ಣಿನಲ್ಲಿ ಬೇರು ಬಿಟ್ಟು ಎದ್ದು ಕೂರುತ್ತದೆ. ಹೊಲದವರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಸೊಪ್ಪಿಗೆ ಹೋಗುವ ಹೆಂಗಸರಿಗೆ ಮಾತ್ರ ಬಲು ಪ್ರೀತಿ. ಎಳೆಯ ಕುಡಿ ಚಿವುಟಿ, ಅಣ್ಣೆ, ಕೀರೆ, ಗಣಿಕೆಯ ಜೊತೆ ಸೇರಿಸಿ ಬೇಯಿಸಿದರೆ ಅದೇ ಬೆರಕೆ ಸೊಪ್ಪಿನ ಸಾರು. ಹೂವಿನ ಕಡೆಗೆ ಯಾರೂ ನೋಡುವುದಿಲ್ಲ. ಉಗುರಿನಷ್ಟಗಲದ ನೀಲಿ ಹೂವು, ಎರಡು ಎಸಳು ಮೊಲದ ಕಿವಿಯ ಹಾಗೆ ಮೇಲಕ್ಕೆ ನಿಂತಿರುತ್ತವೆ. ಹೊತ್ತು ಹುಟ್ಟಿ ಬಿಸಿಲು ಬಂದ ಮೇಲೆ ಅರಳುತ್ತದೆ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಬಾಡುವುದೂ ಅಲ್ಲ, ಕರಗಿ ನೀರಾಗಿಬಿಡುತ್ತದೆ.

ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಬಿಳಿಗೆರೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಹಳ್ಳಿ ನಮ್ಮದು. ಅಪ್ಪ ಒಂದು ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಕೇರಿಯ ಕೆಳಗೆ ಇದ್ದ ತುಂಡು ಹೊಲವನ್ನು ಅವ್ವ ನೋಡಿಕೊಳ್ಳುತ್ತಿದ್ದಳು, ಅದರ ಜೊತೆಗೆ ಬೇರೆಯವರ ಹೊಲಕ್ಕೆ ಕಳೆ ಕೀಳುವ ಕೂಲಿಗೂ ಹೋಗುತ್ತಿದ್ದಳು.

ಸಸ್ಯಶಾಸ್ತ್ರದವರಿಗೆ ಗಿಡ ಸಂಗ್ರಹಿಸುವ ಕೆಲಸ ಕೊಡುತ್ತಿದ್ದರು. ಹೊಲ ಬೇಲಿಯ ಗಿಡಗಳನ್ನು ತಂದು, ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಬೇಕು. ಒಣಗಿದ ಗಿಡವನ್ನು ದಪ್ಪ ಹಾಳೆಗೆ ಹೊಲಿದು, ಮೂಲೆಯಲ್ಲಿ ಒಂದು ಚೀಟಿ ಅಂಟಿಸಬೇಕು: ಗಿಡದ ಹೆಸರು, ಸಿಕ್ಕಿದ ಜಾಗ, ಹೂವಿನ ಬಣ್ಣ. ಹಾಳೆಗೆ ಮೇಡಂ ಸಹಿ ಹಾಕದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ.

ಗೌರಿ ಹಬ್ಬದ ಮಳೆ ಹಿಡಿದಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಹೊಲದ ಬದುವಿನ ಮೂಲೆಯಲ್ಲಿ ಕನ್ನೆಯ ನಡುವೆ ಏನೋ ಬೆಳ್ಳಗೆ ಕಂಡಿತು. ಯಾರೋ ಹರಿದೆಸೆದ ಕಾಗದದ ಚೂರು ಅಂದುಕೊಂಡೆ. ಬಗ್ಗಿ ನೋಡಿದರೆ ಹೂವು. ಸುತ್ತ ಎಲ್ಲ ನೀಲಿ, ಆ ಒಂದು ಗಿಡದಲ್ಲಿ ಮಾತ್ರ ಅಚ್ಚ ಬಿಳಿ. ಅದೇ ಮೊಲದ ಕಿವಿ, ನಡುವೆ ಅದೇ ಹಳದಿ ಚುಕ್ಕಿ, ನೀಲಿ ಮಾತ್ರ ಎಲ್ಲೂ ಇಲ್ಲ. ಹೀಗೆ ಬಣ್ಣ ತಪ್ಪಿ ಹುಟ್ಟುವ ಗಿಡಗಳು ಅಪರೂಪಕ್ಕೆ ಇರುತ್ತವೆ ಎಂದು ಕ್ಲಾಸಿನಲ್ಲಿ ಕೇಳಿದ್ದೆ. ನಮ್ಮ ಹೊಲದಲ್ಲೇ ಒಂದು ಬಂದು ಕೂತಿದೆ ಎಂದರೆ ನನಗಾದ ಹಿಗ್ಗು ಹೇಳತೀರದು. ಒಂದೇ ಒಂದು ಕುಡಿ ಕಿತ್ತುಕೊಂಡು, ಮೇಕೆಗಳು ಬಾಯಿ ಹಾಕದಂತೆ ಸುತ್ತಲೂ ಜಾಲಿ ಮುಳ್ಳು ಇಟ್ಟೆ. ಮಳೆ ಬಿಡುವು ಕೊಟ್ಟಾಗ ಒಂದು ಚೊಂಬು ನೀರನ್ನೂ ಹಾಕುತ್ತಿದ್ದೆ. ಕಳೆಗೆ ನೀರು ಹಾಕುವವಳನ್ನು ಊರಿನವರು ಕಂಡರೆ ನಾಲ್ಕು ದಿನದ ನಗೆಗೆ ಸರಕು ಎಂದು ಜಾಗ ಯಾರಿಗೂ ಹೇಳಲಿಲ್ಲ, ಅವ್ವನಿಗೂ.

ರುಬ್ಬುಗುಂಡಿನ ಕೆಳಗಿಟ್ಟು ಒಣಗಿಸಿದೆ. ಪೇಪರು ಬಿಚ್ಚಿದ ದಿನ ನನ್ನ ಹಿಗ್ಗು ಸೋರಿಹೋಯಿತು. ಹೋಲಿಸಿ ನೋಡಲೆಂದು ಪಕ್ಕದಲ್ಲೇ ಇಟ್ಟಿದ್ದ ಮಾಮೂಲಿ ನೀಲಿ ಕನ್ನೆಯೂ ಒಣಗಿ ಬಣ್ಣ ಬಿಟ್ಟು ಮಾಸಲು ಬಿಳಿಯಾಗಿತ್ತು. ಎರಡರಲ್ಲಿ ಯಾವುದು ಯಾವುದೆಂದು ನನಗೇ ಗೊತ್ತಾಗದಷ್ಟು. ಆದರೂ ಚೀಟಿಯಲ್ಲಿ ಹೂವಿನ ಬಣ್ಣದ ಮುಂದೆ 'ಬಿಳಿ' ಎಂದು ಬರೆದೆ. ಕಂಡದ್ದು ಅದೇ ತಾನೇ.

ನಮ್ಮ ಮೇಡಂ ಮೈಸೂರಿನಿಂದ ಬೆಳಗಿನ ರೈಲಿನಲ್ಲಿ ಬರುತ್ತಿದ್ದವರು. ಮಾತು ಕಡಿಮೆ, ಕಣ್ಣು ಬಹಳ. ಹಾಳೆಗಳನ್ನು ತಿರುವುತ್ತ ನನ್ನದಕ್ಕೆ ಬಂದು ನಿಂತರು.

"ಕನ್ನೆ ಹೂವು ಬಿಳಿ ಅಂತ ಬರೆದಿದೀಯ."

"ಹೌದು ಮೇಡಂ, ಬಿಳೀನೇ ಇತ್ತು."

"ಒಣಗಿದ ಮೇಲೆ ಎಲ್ಲರದ್ದೂ ಬಿಳೀನೇ. ಇದಕ್ಕೇ ತಾನೇ ಹೂವು ಹಸಿ ಇರೋವಾಗಲೇ ಬಣ್ಣ ಬರೆದಿಟ್ಟುಕೊಳ್ಳಿ ಅಂತ ಬಡಕೊಳ್ಳೋದು? ನೀಲಿ ಅಂತ ತಿದ್ದು, ಈಗಲೇ ಸಹಿ ಹಾಕ್ತೀನಿ."

"ಹಸಿ ಇದ್ದಾಗಲೇ ನೋಡಿದ್ದು ಮೇಡಂ."

ಹಿಂದಿನ ಬೆಂಚಿನಿಂದ ಯಾರೋ, "ಬ್ಲೀಚಿಂಗ್ ಪೌಡರ್ ಆಕಿ ಒಗ್ದಿರ್ಬೇಕು ಬುಡಿ ಮೇಡಂ" ಎಂದರು. ಇಡೀ ಲ್ಯಾಬು ನಕ್ಕಿತು. ಮೇಡಂ ನಗಲಿಲ್ಲ. ಹಾಳೆಯನ್ನು ನನ್ನ ಕಡೆಗೆ ಸರಿಸಿ, "ದಸರೆ ರಜೆಯೊಳಗೆ ತಿದ್ದಿಕೊಂಡು ಬಾ" ಎಂದಷ್ಟೇ ಹೇಳಿದರು. ಅವರು ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ತಪ್ಪು ಮಾಡಿದವಳಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದರಲ್ಲ, ಅದು ಚುಚ್ಚಿತು.

ಮಾರನೆಯ ದಿನ ಹೂವನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಾಲೇಜಿನ ಗೇಟಿನ ಹತ್ತಿರ ಬಿಚ್ಚಿ ನೋಡಿದರೆ ಬಟ್ಟೆಯ ಮೇಲೆ ಒಂದು ಹನಿ ಲೋಳೆ, ಅಷ್ಟೇ. ಇನ್ನೊಂದು ದಿನ ಕೈಯಲ್ಲೇ ಹಿಡಿದು, ಕಂಡಕ್ಟರ್ ಹತ್ತಿರ ಬೈಸಿಕೊಂಡು ಬಾಗಿಲಲ್ಲೇ ನಿಂತು ಹೋದೆ. ಅದೂ ಅಷ್ಟೇ. ಬೇರು ಸಮೇತ ಕೀಳಲು ಮನಸ್ಸು ಬರಲಿಲ್ಲ. ಕಿತ್ತೆಸೆದರೂ ಸಾಯದ ಜಾತಿ ಎಂದು ಗೊತ್ತು, ಆದರೆ ಇರುವುದು ಒಂದೇ ಆದಾಗ ಆ ಬುದ್ಧಿಯೆಲ್ಲ ಕೆಲಸಕ್ಕೆ ಬರುವುದಿಲ್ಲ. ಫೋಟೋ ತೆಗೆಸೋಣ ಎಂದರೆ ಊರಿನಲ್ಲಿ ಕ್ಯಾಮೆರಾ ಇದ್ದವರಿಲ್ಲ. ನಂಜನಗೂಡಿನ ಸ್ಟುಡಿಯೋದವನನ್ನು ಕಳೆಯ ಫೋಟೋ ತೆಗೆಯಲು ಬಾ ಎಂದು ಕರೆಯುವ ಧೈರ್ಯ ನನಗಿರಲಿಲ್ಲ.

ಜಾಗವೊಂದು ಬಿಟ್ಟು ಎಲ್ಲ ಅವ್ವನಿಗೆ ಹೇಳಿಕೊಂಡೆ. ಅವಳು ಬೆಳಗಾಗೆದ್ದು ಕೂಲಿಗೆ ಹೋಗಿ ಬರುವಷ್ಟರಲ್ಲಿ ಹೂವಿನ ಹೊತ್ತು ಮುಗಿದಿರುತ್ತಿತ್ತು, ಅವಳೂ ಅದನ್ನು ಕಂಡಿರಲಿಲ್ಲ.

"ಬಿಳೀದೋ ಕರೀದೋ, ನೀಲಿ ಅಂತ ಬರ್ದು ಸಯಿ ಆಕುಸ್ಕೊಂಡು ಬಾ ಮಗ. ನಿನ್ ಗಂಟೇನ್ ಓಯ್ತದೆ?"

"ಇರೋದು ಬಿಳೀದು ಕಣವ್ವ. ಸುಳ್ಳು ಹೇಳ್ತಾವ್ಳೆ ಅಂದ್ಕೊಂಡವ್ರೆ ಎಲ್ಲಾರೂವೆ. ಈಗ ನೀಲಿ ಅಂತ ತಿದ್ದುದ್ರೆ ಹೌದು, ಸುಳ್ಳಿ ಅಂತ ನಾನೇ ಒಪ್ಕೊಂಡಂಗಾಯ್ತದೆ."

ನನ್ನ ಹಟ ಅಪ್ಪನಿಂದ ಬಂದದ್ದು ಎಂದು ಅವ್ವ ಮೂಗು ಮುರಿದಳು. ಹಟವೋ ಏನೋ, ಎರಡು ದಿನ ಬಿಟ್ಟು ಸ್ಟಾಫ್ ರೂಮಿಗೆ ಹೋಗಿ, "ನೀಲಿ ಅಂತ ಬರೆಯೋಕಾಗಲ್ಲ ಮೇಡಂ. ನೀವೇ ಬಂದು ನೋಡಿ" ಎಂದುಬಿಟ್ಟೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಯಾವ ಬಸ್ಸಿಗೆ ಬರಬೇಕು?" ಎಂದರು. ಭಾನುವಾರ ಎಂದು ನಿಗದಿಯಾಯಿತು.

ಮನೆಯಲ್ಲಿ ಈ ಸುದ್ದಿ ಹೇಳಿದ್ದೇ ತಡ, ಅವ್ವ ಕೂತಲ್ಲಿ ಕೂರಲಿಲ್ಲ. ಕಾಲೇಜು ಮೇಡಂ ನಮ್ಮ ಕೇರಿಗೆ ಬರುವುದೆಂದರೆ ಅವಳಿಗೆ ಸಂತೋಷಕ್ಕಿಂತ ಭಯ ಹೆಚ್ಚು. ಅದಕ್ಕೆ ಕಾರಣವಿತ್ತು. ನಾನು ಚಿಕ್ಕವಳಿದ್ದಾಗ ಪ್ರೈಮರಿ ಸ್ಕೂಲಿನ ಮೇಷ್ಟ್ರೊಬ್ಬರು ಮಕ್ಕಳ ಲೆಕ್ಕ ಬರೆದುಕೊಳ್ಳಲು ಮನೆಗೆ ಬಂದಿದ್ದರು. ಅವ್ವ ಸೊಗಡವರೆಕಾಯಿ ಕಟ್ಟಿಕೊಟ್ಟಿದ್ದಳು. ನಗುತ್ತಲೇ ಇಸಿದುಕೊಂಡರು. ಸಂಜೆ ಅಪ್ಪ ಕೆಲಸ ಮುಗಿಸಿ ಬರುವಾಗ ಆ ಗಂಟು ದಾರಿಯ ಮೋರಿ ಕಟ್ಟೆಯ ಮೇಲೆ ಹಾಗೇ ಕೂತಿತ್ತು. ಅಪ್ಪ ಅದನ್ನು ಮನೆಗೆ ತಂದು ಮೂಲೆಯಲ್ಲಿಟ್ಟ. ಅವ್ವ ಆ ಅವರೆಕಾಯಿಯನ್ನು ಸುಲಿಯಲೂ ಇಲ್ಲ, ದನಕ್ಕೆ ಹಾಕಿದಳು.

"ಉಂಡಾರಾ?" ಎಂದು ಭಾನುವಾರದವರೆಗೂ ಕೇಳಿದ್ದೇ ಕೇಳಿದ್ದು. "ಟೀ ಆದ್ರೂ ಕುಡುದಾರಾ?"

"ಹೂವು ನೋಡಾಕ್ ಬರ್ತಾವ್ರೆ ಕಣವ್ವ, ಉಣ್ಣಾಕಲ್ಲ" ಎಂದು ನಾನು ರೇಗುತ್ತಿದ್ದೆ.

ಭಾನುವಾರ ನಾನು ಬಿಳಿಗೆರೆಯ ಬಸ್ ಸ್ಟಾಪಿಗೆ ಹೋಗಿ ನಿಂತೆ. ಮೇಡಂ ಹೇಳಿದ ಬಸ್ಸಿಗೇ ಬಂದರು, ಕೈಯಲ್ಲಿ ಕೊಡೆ, ಕಾಲಿಗೆ ಹವಾಯಿ ಚಪ್ಪಲಿ. ಹೊತ್ತು ಮೀರಬಾರದೆಂದು ಮನೆಗೂ ಹೋಗದೆ ನೇರ ಹೊಲಕ್ಕೆ ಕರೆದುಕೊಂಡು ಹೋದೆ. ಬದುವಿನುದ್ದಕ್ಕೂ ನೀಲಿ ಕನ್ನೆ ಚೆನ್ನಾಗಿ ಅರಳಿಕೊಂಡಿತ್ತು. ನನ್ನ ಹೆಜ್ಜೆ ನೆಲದ ಮೇಲಿರಲಿಲ್ಲ.

ಮೂಲೆಗೆ ಬಂದು ನೋಡುತ್ತೇನೆ, ಜಾಲಿ ಮುಳ್ಳನ್ನು ಯಾರೋ ಎತ್ತಿ ಒಪ್ಪವಾಗಿ ಪಕ್ಕಕ್ಕಿಟ್ಟಿದ್ದಾರೆ. ಗಿಡ ಇದೆ, ಕುಡಿ ಒಂದೂ ಇಲ್ಲ. ಎಲ್ಲ ದಂಟುಗಳ ತುದಿಯನ್ನೂ ಉಗುರಿನಲ್ಲಿ ಚಿವುಟಿಕೊಂಡು ಹೋಗಿದ್ದಾರೆ. ಹೂವು ಹೋಗಲಿ, ಮೊಗ್ಗೂ ಇಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮೇಡಂ ಕುಕ್ಕರಗಾಲಲ್ಲಿ ಕೂತು ದಂಟಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇನ್ನೂ ಹಸಿ ಇದೆ. ಇವತ್ತೇ ಯಾರೋ ಚಿವುಟಿದಾರೆ."

ಯಾರೆಂದು ನನಗೆ ಆಗಲೇ ಗೊತ್ತಾಗಿತ್ತು. ಅಷ್ಟು ಒಪ್ಪವಾಗಿ ಮುಳ್ಳು ಎತ್ತಿಡುವವರು ಇನ್ಯಾರು.

ಮನೆಗೆ ಬಂದರೆ ಅವ್ವ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಗೋಡೆಯ ಬುದ್ಧನ ಪಟಕ್ಕೆ ಹೂವಿಟ್ಟಿತ್ತು, ಪಕ್ಕದ ಮನೆಯಿಂದ ತಂದ ಕುರ್ಚಿ ಹಜಾರದಲ್ಲಿತ್ತು, ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಮೇಡಂ ಕೈಕಾಲು ತೊಳೆಯಲು ಹೋದಾಗ ಅವ್ವನನ್ನು ಅಡುಗೆಮನೆಗೆ ಎಳೆದೆ.

"ಆ ಮೂಲೆ ಕನ್ನೆ ಕುಯ್ದಾ?"

"ಊ ಕಣ್ಮಗ. ಕೋಳಿ ಕೂಗೋ ಒತ್ಗೇ ಓಗಿ ಕುಯ್ಕೊಂಡ್ ಬಂದೆ. ಅದೆಂಥಾ ಎಳೇ ಸೊಪ್ಪು! ನೀನು ಮುಳ್ಳು ಮಡಗಿ, ಮೇಡಮ್ಮೋರ್ಗೆ ಅಂತ ಕಾಪಾಡ್ಕೊಂಡಿದ್ದೆಯಲ್ಲ."

"ಅವ್ವಾ, ಅದೇ ಕಣವ್ವ ಬಿಳೀ ಹೂವಿನ ಗಿಡ."

ಅವ್ವ ಒಲೆಯ ಮೇಲಿನ ಪಾತ್ರೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಊವೇ ಇರ್ಲಿಲ್ಲ ಕಣ್ಮಗ ಆಗ" ಎಂದಳು. ಅವಳ ಮಾತು ನಿಜ. ಬೆಳಕು ಹರಿಯುವ ಮುಂಚೆ ಕನ್ನೆ ಎಲ್ಲಿ ಅರಳಿರುತ್ತದೆ? ಮೊಗ್ಗೆಲ್ಲ ಹಸಿರು ಚಿಪ್ಪಿನೊಳಗೆ ಮುಚ್ಚಿಕೊಂಡಿರುತ್ತವೆ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವ್ವನೇ ಅಳುವುದಕ್ಕೆ ಶುರುಮಾಡಿದಳು.

ಮೇಡಂ ಯಾವಾಗ ಬಂದು ಬಾಗಿಲಲ್ಲಿ ನಿಂತರೋ. ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. "ಅಮ್ಮಾ, ಹಸಿವಾಗ್ತಿದೆ. ಬಡಿಸ್ತೀರಾ?" ಎಂದರು.

ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತರು. ಅವ್ವ ಮುದ್ದೆ ಇಟ್ಟು ಸಾರು ಹುಯ್ದಳು. ಮೇಡಂ ಮುದ್ದೆ ಮುರಿಯುವ ರೀತಿಯಲ್ಲೇ ಅದು ಅವರಿಗೆ ಹೊಸದಲ್ಲವೆಂದು ಗೊತ್ತಾಗುತ್ತಿತ್ತು. "ನೋಡಿ, ನಿಮ್ಮ ಮಗಳ ಸಾಕ್ಷಿಯನ್ನೆಲ್ಲ ನಾನೇ ತಿಂದು ಮುಗಿಸ್ತಾ ಇದೀನಿ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ತಮಾಷೆಯೋ ನಿಜವೋ, ಅವರ ಮುಖ ನೋಡಿ ಹೇಳುವಂತಿರಲಿಲ್ಲ.

ಹೊರಡುವಾಗ ಅವ್ವ ಮಿಕ್ಕಿದ್ದ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆ ಎಲೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಮೇಡಂ ಇಸಿದುಕೊಂಡರು. ಬಸ್ಸು ಹತ್ತುವವರೆಗೂ ಹೂವಿನ ಮಾತು ಎತ್ತಲಿಲ್ಲ. ಸೀಟು ಸಿಕ್ಕಿ ಕೂತ ಮೇಲೆ ಕಿಟಕಿಯಿಂದ, "ನಾಳೆ ಆ ಹಾಳೆ ತಗೊಂಡು ಬಾ" ಎಂದರು. ತಿದ್ದಿಕೊಂಡು ಬಾ ಎಂದು ಹೇಳಲಿಲ್ಲ, ಹಾಗೇ ತಾ ಎಂದೂ ಹೇಳಲಿಲ್ಲ. ನಾನು ಮೊದಲನೆಯದನ್ನೇ ಅಂದುಕೊಂಡೆ.

ಆ ಸಂಜೆ ಮನೆಯಲ್ಲಿ ಸಾವಾದ ಹಾಗಿತ್ತು. "ನನ್ನಿಂದ ಆಯ್ತು. ನೀಲಿ ಅಂತ ಬರ್ಕೊ ಮಗ, ಪರೀಕ್ಸೆ ಕೆಡುಸ್ಕೋಬ್ಯಾಡ" ಎಂದು ಅವ್ವ ಬೇಡಿಕೊಂಡಳು. ನಾನು ಪೆನ್ನು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮತ್ತೆ ಮಾತೆತ್ತಿದಳು.

"ಸೊಪ್ಪಿನ ಗಂಟು ಬಸ್ಸಿಗೆ ತಕ್ಕೊಂಡ್ ಓದ್ರಾ?"

"ತೊಡೆ ಮೇಲೆ ಮಡಿಕೊಂಡಿದ್ರು. ಉಂಡ್ರಲ್ಲವ್ವ, ಇನ್ನೇನು?"

"ಎದುರ್ಗೆ ಉಂಡ್ರು ಬುಡು. ಆ ಮೇಷ್ಟ್ರೂವೆ ಎದುರ್ಗೆ ನಗ್ತಾನೇ ಈಸ್ಕೊಂಡಿದ್ರು."

ಸೋಮವಾರ ಕಾಲೇಜಿಗೆ ಹೋಗುವಾಗ ಬಲಿ ಕೊಡಲು ಕರೆದೊಯ್ಯುವ ಮೇಕೆಯ ಹಾಗಿದ್ದೆ. ಅಟೆಂಡರ್ ಬಂದು ಮೇಡಂ ಲ್ಯಾಬಿಗೆ ಕರೆಯುತ್ತಿದ್ದಾರೆ ಎಂದ. ಲ್ಯಾಬಿನಲ್ಲಿ ಅವರೊಬ್ಬರೇ ಇದ್ದರು. ಮೇಜಿನ ಮೇಲೆ ಅವರ ಊಟದ ಡಬ್ಬಿ, ಪಕ್ಕದಲ್ಲಿ ಮನೆಯ ಸ್ಟೀಲ್ ಲೋಟ, ಲೋಟದ ನೀರಿನಲ್ಲಿ ನಾಲ್ಕು ಕನ್ನೆ ಕುಡಿ. ನಾನು ಹೋಗಿ ಬಗ್ಗಿ ನೋಡಿದೆ. ಚಿಪ್ಪುಗಳ ಬಾಯಲ್ಲಿ ಹನಿ ಹನಿ ಲೋಳೆ ಬಿಟ್ಟರೆ ಏನೂ ಇರಲಿಲ್ಲ.

"ರಾತ್ರಿ ಸಾರಿಗೆ ಹೆಚ್ಚೋವಾಗ ಮೊಗ್ಗಿರೋ ಕುಡಿ ನಾಲ್ಕು ತೆಗೆದು ನೀರಿಗೆ ಹಾಕಿಟ್ಟಿದ್ದೆ" ಎಂದರು ಮೇಡಂ. "ಬೆಳಿಗ್ಗೆ ಕಾಫಿಗೆ ಹಾಲು ಕಾಯೋಕಿಟ್ಟು ತಿರುಗಿ ನೋಡಿದರೆ ಅರಳಿಕೊಂಡಿದೆ. ಬಿಳೀದು ಕಣೇ! ಪೂರ್ತಿ ಬಿಳೀದು. ಹಾಲು ಉಕ್ಕಿ ಸ್ಟವ್ ಎಲ್ಲ ಹಾಳಾಯ್ತು." ಅವರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನಿನಗೆ ತೋರಿಸೋಣ ಅಂತ ರೈಲಿನಲ್ಲಿ ಲೋಟ ಕೈಯಲ್ಲೇ ಹಿಡಿದು ಕೂತಿದ್ದೆ. ಜನ ಎಲ್ಲ ನನ್ನ ಮುಖ ನೋಡೋರು. ನಂಜನಗೂಡು ಬರೋ ಹೊತ್ತಿಗೆ ನೋಡು, ಹೋಗೇ ಬಿಡ್ತು. ಈಗ ನಾನು ಬಿಳೀದು ಅಂದ್ರೂ ಯಾರು ನಂಬ್ತಾರೆ?"

"ನಾನು ನಂಬ್ತೀನಿ ಮೇಡಂ" ಎಂದೆ.

ಮೇಡಂ ಜೋರಾಗಿ ನಕ್ಕರು. ನಾನೂ ನಕ್ಕೆ, ನಗುತ್ತ ನಗುತ್ತಲೇ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದುಹೋಗಿತ್ತು. ಅವರು ನನ್ನ ಹಾಳೆ ಎಳೆದುಕೊಂಡು, 'ಬಿಳಿ' ಎಂಬುದರ ಪಕ್ಕದಲ್ಲಿ 'ಕಂಡಿದ್ದೇನೆ' ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದರು. ಮಧ್ಯಾಹ್ನದ ಪ್ರಾಕ್ಟಿಕಲ್‌ನಲ್ಲಿ ಎಲ್ಲರೆದುರು ಆ ಹಾಳೆಯನ್ನು ಎತ್ತಿ ತೋರಿಸಿದರು. ಬ್ಲೀಚಿಂಗ್ ಪೌಡರ್ ದನಿ ಮತ್ತೆ ಏಳಲಿಲ್ಲ. ಬೀಗ ಹಾಕಿದ ಹಾಗೆ ಆ ಬಾಯಿ ಮುಚ್ಚಿದ್ದನ್ನು ನೋಡಿ ನನಗೆ ಹೊಟ್ಟೆ ತುಂಬಿತು, ಸುಳ್ಳು ಯಾಕೆ ಹೇಳಲಿ.

ಆ ಗಿಡ ಸಾಯಲೂ ಇಲ್ಲ. ಚಿವುಟಿದಷ್ಟೂ ಕವಲೊಡೆದು ದಸರೆಯ ಹೊತ್ತಿಗೆ ಮೊದಲಿಗಿಂತ ಜೋರಾಗಿ ಹೂಬಿಟ್ಟಿತು. ನನ್ನ ತಾರಸಿಯ ಕುಂಡದಲ್ಲಿರುವುದು ಅದರದೇ ದಂಟು.

ಆ ಸೋಮವಾರ ಸಂಜೆ ಬಸ್ಸಿಳಿದವಳು ಮನೆಯವರೆಗೂ ಹೆಚ್ಚುಕಡಿಮೆ ಓಡಿಯೇ ಹೋದೆ. ಅವ್ವ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

"ಸಹಿ ಆಯ್ತು ಕಣವ್ವ! ಬಿಳೀದು ಅಂತಾನೇ ಆಯ್ತು!"

"ಸದ್ಯ" ಎಂದಳು ಅವ್ವ. ಮೊರವನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಅವಳಿಗೆ ಇನ್ನೇನೋ ಕೇಳುವುದಿತ್ತು.

ನಾನೇ ಹೇಳಿದೆ. ಗಂಟು ಮೈಸೂರಿನ ಮನೆ ಸೇರಿದ್ದು, ನಾಲ್ಕು ಕುಡಿ ಲೋಟಕ್ಕೆ ಹೋದದ್ದು, ಮಿಕ್ಕಿದ್ದೆಲ್ಲ ರಾತ್ರಿ ಸಾರಾದದ್ದು, ಬೆಳಿಗ್ಗೆ ಉಳಿದಿದ್ದ ಸಾರನ್ನೇ ಮೇಡಂ ಊಟದ ಡಬ್ಬಿಗೆ ಹಾಕಿಕೊಂಡು ಕಾಲೇಜಿಗೆ ಬಂದದ್ದು. ಡಬ್ಬಿಯನ್ನು ನಾನೇ ಕಣ್ಣಾರೆ ಕಂಡೆ ಎಂದೆ.

ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಮೊರದ ಅಕ್ಕಿಯನ್ನೇ ನೋಡುತ್ತ, ಯಾರಿಗೋ ಹೇಳುವ ಹಾಗೆ ಅಂದಳು:

"ಮನೆಗಂಟ ತಕ್ಕೊಂಡ್ ಓದ್ರು."